ಋಣಭಾರ ಸಮೇತ

ನಾಟಕಕ್ಕೆ ಇನ್ನು 26 ದಿನ ಇದೆ ಅನ್ನುವಾಗ ನಮ್ಮ ಚಿತ್ರಲೇಖೆ ಪಾತ್ರದ ಹುಡುಗಿ ಬೆಂಗಳೂರಿಗೆ ಹೊರಟುಹೋದಳು. ಕೆಲಸ ಸಿಕ್ಕಿತ್ತು, ಸೋಮವಾರವೇ ಬಂದು ಸೇರು ಅಂದಿದ್ದರಂತೆ. ಅವಳನ್ನು ಬೈಯುವ ಹಾಗೂ ಇಲ್ಲ. ಮೇಷ್ಟ್ರು ಶಾಲೆಯ ಬೆಂಚಿನ ಮೇಲೆ ಕೂತು ಸುತ್ತ ಒಮ್ಮೆ ಕಣ್ಣಾಡಿಸಿದರು. ಮೂಲೆಯಲ್ಲಿ ನಾಟಕದ ಪ್ರತಿ ಹಿಡಿದು ಕೂತವಳು ನಾನು.

“ನಿನಗೆ ಮಾತೆಲ್ಲ ಬಾಯಿಪಾಠ ಇದೆಯಲ್ಲ ಮಾರಾಯ್ತಿ. ನೀನೇ ಮಾಡು.”

“ಮೇಷ್ಟ್ರೇ, ಚಿತ್ರಲೇಖೆ ಆಗಷ್ಟೇ ಮದುವೆಯಾಗಿ ಮನೆಗೆ ಬಂದ ಹುಡುಗಿ. ನನಗೆ 39.”

“ಲೈಟಿನವನಿಗೆ ಹೇಳ್ತೀನಿ ಬಿಡು. ಇರೋದೇ ಅರ್ಧ ಗಂಟೆ ಪಾತ್ರ.”

ನಮ್ಮದು ಸಾಗರದ ಒಂದು ಹವ್ಯಾಸಿ ತಂಡ. ನೀನಾಸಂ ರಂಗಶಾಲೆಯ ಹೆಗ್ಗೋಡು ಪಕ್ಕದಲ್ಲೇ ಇರುವುದರಿಂದ ನಮ್ಮ ಕಡೆ ನಾಟಕದ ಹುಚ್ಚು ಸ್ವಲ್ಪ ಜಾಸ್ತಿ. ಯಾರನ್ನು ಕೇಳಿದರೂ ಒಂದಲ್ಲ ಒಂದು ಪಾತ್ರ ಮಾಡಿರುತ್ತಾರೆ. ನಾನು ಮಾತ್ರ 14 ವರ್ಷದಿಂದ ಪರದೆ ಹಿಂದೆಯೇ. ಪ್ರಾಂಪ್ಟಿಂಗ್ ನನ್ನದು, ಪರಿಕರ ನನ್ನದು. ಕತ್ತಿ, ಕಿರೀಟ, ದೀಪ, ವಿಷದ ಕುಪ್ಪಿ ಎಲ್ಲ ನನ್ನ ಟ್ರಂಕಿನಲ್ಲಿ. ಹಗಲು ಹೊತ್ತು ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಒಬ್ಬ ಪತ್ರ ಬರಹಗಾರರ ಹತ್ತಿರ ಟೈಪಿಂಗ್ ಮಾಡುತ್ತೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ. ಈ ಕೆಲಸಕ್ಕೂ ನಾಟಕಕ್ಕೂ ಸಂಬಂಧ ಇದೆ ಅಂತ ಆವತ್ತಿನವರೆಗೆ ನನಗೆ ಅನಿಸಿರಲಿಲ್ಲ.

ನಾಟಕ ಗಿರೀಶ ಕಾರ್ನಾಡರ ‘ಯಯಾತಿ’. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು 1961ರಲ್ಲಿ ಪ್ರಕಟಿಸಿತು. ಬರೆಯುವಾಗ ಕಾರ್ನಾಡರಿಗೆ 22 ವರ್ಷ, ಆಕ್ಸ್‌ಫರ್ಡಿಗೆ ಹೊರಟು ನಿಂತಿದ್ದರು. ಹುಡುಗ ತಿರುಗಿ ಬರುತ್ತಾನೋ ಇಲ್ಲವೋ ಅಂತ ಮನೆಯಲ್ಲಿ ಆತಂಕ. ಆ ಗಲಾಟೆಯ ನಡುವೆ ತಮಗೇ ಗೊತ್ತಿಲ್ಲದ ಹಾಗೆ ಕನ್ನಡದಲ್ಲಿ ಒಂದು ನಾಟಕ ಬರೆದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಅಪ್ಪನಿಗಾಗಿ ಮಗ ತನ್ನ ಪ್ರಾಯ ಕೊಡಬೇಕಾದ ಕಥೆಯೇ ಯಾಕೆ ಕೈಗೆ ಸಿಕ್ಕಿತು ಅನ್ನುವುದು ಅಲ್ಲಿಗೆ ಗೊತ್ತಾಗುತ್ತದೆ, ಅಲ್ವಾ? ಹಾಗಾಗಿ ಎಲ್ಲರೂ ಇದನ್ನು ಅಪ್ಪ ಮಗನ ನಾಟಕ ಅಂತಲೇ ಓದುತ್ತಾರೆ. ನಾವೂ ಹಾಗೇ ಶುರು ಮಾಡಿದ್ದೆವು.

ಮಹಾಭಾರತದ ಕಥೆ ಗೊತ್ತಿರುವುದೇ. ಯಯಾತಿ ದೇವಯಾನಿಯನ್ನು ಮದುವೆಯಾಗಿ, ಅವಳ ದಾಸಿಯಾಗಿ ಬಂದ ಶರ್ಮಿಷ್ಠೆಯ ಜೊತೆಗೂ ಸಂಸಾರ ಮಾಡಿದ. ಮಾವ ಶುಕ್ರಾಚಾರ್ಯರು ಮುಪ್ಪಿನ ಶಾಪ ಕೊಟ್ಟರು. ಯಾರಾದರೂ ಒಪ್ಪಿದರೆ ಬದಲಾಯಿಸಿಕೊಳ್ಳಬಹುದು ಅಂತ ಒಂದು ವಿನಾಯಿತಿ. ಯದು, ತುರ್ವಸು, ದ್ರುಹ್ಯು, ಅನು ನಾಲ್ವರೂ ಆಗಲ್ಲ ಅಂದರು. ಪೂರು ಒಪ್ಪಿದ. ಅಪ್ಪ ಮಗನ ಪ್ರಾಯದಲ್ಲಿ ಸಾವಿರ ವರ್ಷ ಸುಖಪಟ್ಟ.

ಆ ಸಾವಿರ ವರ್ಷ ಪೂರುವಿನ ಹೆಂಡತಿ ಏನು ಮಾಡುತ್ತಿದ್ದಳು? ಆ ಕಥೆಯಲ್ಲಿ ಹೆಂಡತಿಯ ಸುದ್ದಿಯೇ ಇಲ್ಲ. ಆದಿಪರ್ವದ ವಂಶಾವಳಿಯಲ್ಲಿ ಮಾತ್ರ ಬರುತ್ತಾಳೆ. ಒಂದು ಕಡೆ ಪೌಷ್ಟೀ ಅಂತ ಹೆಸರು, ಇನ್ನೊಂದು ಕಡೆ ಕೌಸಲ್ಯಾ ಅಂತ. ಇಂಥವಳಲ್ಲಿ ಇಂಥ ಮಕ್ಕಳು ಹುಟ್ಟಿದರು, ಮುಗೀತು. ನಮ್ಮ ಕಚೇರಿಯ ವಂಶವೃಕ್ಷದ ಹಾಗೇ. ಅಲ್ಲೂ ಸೊಸೆಯ ಹೆಸರು ಒಂದು ಕಾಗದದಲ್ಲಿ ಗೌರಮ್ಮ, ಇನ್ನೊಂದರಲ್ಲಿ ಗೌರಿ ಅಂತ ಇರುತ್ತದೆ. ‘ಇಬ್ಬರೂ ಒಬ್ಬರೇ’ ಅಂತ ಅಫಿಡವಿಟ್ ಮಾಡಿಸಬೇಕಾಗುತ್ತದೆ.

ಕಾರ್ನಾಡರು ಮಾಡಿದ್ದು ಇಷ್ಟೇ. ಪೂರುವಿಗೆ ಹೊಸದಾಗಿ ಮದುವೆ ಮಾಡಿಸಿ, ಹೆಂಡತಿಯನ್ನು ಅದೇ ರಾತ್ರಿ ರಂಗಕ್ಕೆ ತಂದರು. ಅವಳೇ ಚಿತ್ರಲೇಖೆ. ಗಂಡ ತನ್ನನ್ನು ಒಂದು ಮಾತೂ ಕೇಳದೆ ಅಪ್ಪನ ಮುಪ್ಪನ್ನು ಹೊತ್ತುಕೊಂಡ ಅಂತ ಅವಳಿಗೆ ತಿಳಿಯುತ್ತದೆ. ಮೊದಲು ಕುಸಿಯುತ್ತಾಳೆ. ಆಮೇಲೆ, ನನ್ನ ಗಂಡ ಎಷ್ಟು ದೊಡ್ಡ ಕೆಲಸ ಮಾಡಿದ ಅಂತ ತನಗೆ ತಾನೇ ಹೇಳಿಕೊಂಡು ಹೆಮ್ಮೆ ತಂದುಕೊಳ್ಳುತ್ತಾಳೆ. ಗಂಡನ ಮುಖ ನೋಡುತ್ತಿದ್ದ ಹಾಗೆ ಆ ಹೆಮ್ಮೆ ಹಾರಿಹೋಗಿ ಕಿರುಚುತ್ತಾಳೆ, ಹತ್ತಿರ ಬರಬೇಡ ಅನ್ನುತ್ತಾಳೆ. ಯಯಾತಿ ಬುದ್ಧಿ ಹೇಳಲು ಬರುತ್ತಾನೆ. ಅವಳು ಅವನ ಜೊತೆ ವಾದಕ್ಕೆ ನಿಲ್ಲುತ್ತಾಳೆ. ಕೊನೆಗೆ ವಿಷ ಕುಡಿದು ಸಾಯುತ್ತಾಳೆ. ಇದೇ ನನ್ನ ಅರ್ಧ ಗಂಟೆ.

ಮೊದಲ ನಾಲ್ಕು ದಿನ ಬರೀ ಅತ್ತೆ. ಮೇಷ್ಟ್ರಿಗೆ ಬೇಕಿದ್ದದ್ದೂ ಅದೇ. “ಪಾಪದ ಹುಡುಗಿ ಕಣೇ. ಗಂಡನ ತ್ಯಾಗದ ಎತ್ತರಕ್ಕೆ ಏರೋಕೆ ಅವಳ ಕೈಲಿ ಆಗಲ್ಲ. ಅದೇ ಅವಳ ದುರಂತ. ಪ್ರೇಕ್ಷಕರಿಗೆ ಕರುಣೆ ಬರಬೇಕು.” ಸರಿ ಅಂತ ಸೆರಗು ಹಿಂಡಿ, ಗೋಡೆಗೆ ಒರಗಿ, ದನಿ ನಡುಗಿಸಿ ಎಲ್ಲ ಮಾಡಿದೆ. ಬಿಕ್ಕುವಾಗ ಯಾವ ಮಾತಿನ ಮೇಲೆ ಉಸಿರು ಎಳೆಯಬೇಕು ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡೆ. ಯಯಾತಿ ಮಾಡುವವರು ಅಡಿಕೆ ಮಂಡಿಯಲ್ಲಿ ಗುಮಾಸ್ತರು, ಒಳ್ಳೆ ಕಂಠ. ನಾನು ಅತ್ತಷ್ಟೂ ಅವರು ದೊಡ್ಡವರಾಗಿ ಕಾಣುತ್ತಿದ್ದರು. ದೃಶ್ಯ ಮುಗಿದ ಮೇಲೆ ಎಲ್ಲರೂ ಅವರ ಬೆನ್ನು ತಟ್ಟಿದರು.

ದಾಸಿ ಸ್ವರ್ಣಲತೆಯ ಪಾತ್ರ ಮಾಡುತ್ತಿದ್ದದ್ದು ಡಿಗ್ರಿ ಓದುವ ಹುಡುಗಿ. ಕಾಲೇಜಿನಲ್ಲಿ ಅವಳಿಗೆ ‘ಕಾರ್ನಾಡರ ಸ್ತ್ರೀಪಾತ್ರಗಳು’ ಅಂತ ಅಸೈನ್‌ಮೆಂಟ್ ಬೇರೆ ಕೊಟ್ಟಿದ್ದರು. ಚಹಾ ಹೊತ್ತಿನಲ್ಲಿ ಬಂದು ಪಕ್ಕದಲ್ಲಿ ಕೂತಳು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೀವು ಅಳ್ತಾ ಇರೋದ್ರಿಂದ ನೀವೇನು ಕೇಳ್ತಿದೀರ ಅಂತಾನೇ ಗೊತ್ತಾಗ್ತಿಲ್ಲ.”

ಬೇಜಾರಾಯಿತು. 14 ವರ್ಷ ಬೇರೆಯವರ ಮಾತು ಕಾದವಳು ನಾನು, ನನ್ನ ಮಾತೇ ಕೇಳಿಸುತ್ತಿಲ್ಲ ಅಂದರೆ! ಮನೆಗೆ ಹೋಗಿ ಯಯಾತಿಗೂ ಚಿತ್ರಲೇಖೆಗೂ ನಡೆಯುವ ಮಾತನ್ನು ಅಡಿಗೆಮನೆಯಲ್ಲಿ ನಿಂತು, ಅಳದೆ, ಸುಮ್ನೆ ಓದಿದೆ. ಅವಳು ಹೇಳುವುದು ಹೆಚ್ಚೂ ಕಡಿಮೆ ಹೀಗೆ. ಮದುವೆಗೆ ಮುಂಚೆ ಈ ರಾಜಕುಮಾರನ ಪರಿಚಯ ನನಗಿರಲಿಲ್ಲ. ಅವನ ಪ್ರಾಯ ನೋಡಿ, ಈ ವಂಶದ ಕುಡಿ ನನ್ನ ಹೊಟ್ಟೆಯಲ್ಲಿ ಬೆಳೆಯಲಿ ಅಂತ ಮದುವೆಯಾದೆ. ಈಗ ಅದು ಅವನಲ್ಲಿ ಇಲ್ಲ, ನಿಮ್ಮಲ್ಲಿದೆ. ಮಗನ ಪ್ರಾಯ ತೆಗೆದುಕೊಂಡಿರಿ ಅಂದಮೇಲೆ ಅದಕ್ಕೆ ಅಂಟಿಕೊಂಡು ಬಂದದ್ದನ್ನೂ ತೆಗೆದುಕೊಳ್ಳಿ.

ಯಯಾತಿ ಬೆಚ್ಚಿಬೀಳುತ್ತಾನೆ. ಪಾಪ, ಪುಣ್ಯ ಅನ್ನಲು ಶುರು ಮಾಡುತ್ತಾನೆ. ಪ್ರಾಂಪ್ಟರ್ ಆಗಿ ಈ ದೃಶ್ಯವನ್ನು ನೂರು ಸಲ ಕೇಳಿದ್ದೆ. ದುಃಖದಲ್ಲಿ ಅವಳಿಗೆ ತಲೆ ಕೆಟ್ಟಿದೆ, ಏನೇನೋ ಮಾತಾಡುತ್ತಿದ್ದಾಳೆ ಅಂದುಕೊಂಡಿದ್ದೆ. ನಾನೊಬ್ಬಳೇ ಅಲ್ಲ, ನಮ್ಮ ಹಾಲಿನಲ್ಲಿದ್ದ ಎಲ್ಲರೂ.

ಮಾರನೇ ದಿನ ಕಚೇರಿಯಲ್ಲಿ ಒಬ್ಬರು ಬಂದಿದ್ದರು. ಜಮೀನು ಕ್ರಯಕ್ಕೆ ತಗೊಳ್ಳುವವರು. ಋಣಭಾರ ಪತ್ರ ತೆಗೆಸಿದರೆ ಮಾರುವವನ ಹೆಸರಿನಲ್ಲಿ ಬ್ಯಾಂಕಿನ ಸಾಲ ತೋರಿಸುತ್ತಿದೆ. ಇವರದ್ದು ಒಂದೇ ಹಟ. ಸಾಲ ಅವನು ಮಾಡಿದ್ದು, ಅದಕ್ಕೂ ನನಗೂ ಸಂಬಂಧ ಇಲ್ಲ, ಜಮೀನಷ್ಟೇ ನನಗೆ ಬರೆಯಿರಿ. ನಮ್ಮ ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸ್ವಾಮಿ, ಸಾಲ ಮನುಷ್ಯನ ಮುಖ ನೋಡಲ್ಲ. ಸರ್ವೆ ನಂಬರ್ ನೋಡುತ್ತೆ. ಜಮೀನು ಯಾರಿಗೆ ಹೋಗುತ್ತೋ ಸಾಲ ಅವರ ಹಿಂದೆ ಹೋಗುತ್ತೆ.”

ಟೈಪ್ ಮಾಡುತ್ತಿದ್ದ ನನ್ನ ಕೈ ನಿಂತಿತು. ಚಿತ್ರಲೇಖೆ ಹೇಳುತ್ತಿರುವುದೂ ಇದೇ. ಪ್ರಾಯ ಅನ್ನುವ ಆಸ್ತಿ ಪೂರುವಿನಿಂದ ಯಯಾತಿಗೆ ವರ್ಗವಾಯಿತು. ಅದರ ಮೇಲೆ ಒಂದು ಋಣಭಾರ ಇತ್ತು, ಹೆಸರು ಚಿತ್ರಲೇಖೆ. ಬರೆದುಕೊಟ್ಟವನು ಅವಳ ಒಪ್ಪಿಗೆ ಸಹಿ ತಗೊಳ್ಳಲಿಲ್ಲ. ಬರೆಸಿಕೊಂಡವನು ಋಣಭಾರ ನೋಡಲಿಲ್ಲ. ಈಗ ಅವಳೇ ಎದುರು ಬಂದು ನಿಂತಿದ್ದಾಳೆ. ಅವಳಿಗೆ ತಲೆ ಕೆಟ್ಟಿಲ್ಲ. ಆ ಅರಮನೆಯಲ್ಲಿ ಪತ್ರವನ್ನು ಪೂರ್ತಿ ಓದಿದವಳು ಅವಳೊಬ್ಬಳೇ.

ಆವತ್ತು ಸಂಜೆ ಮೇಷ್ಟ್ರಿಗೆ ಹೇಳದೆ ದೃಶ್ಯ ಬದಲಾಯಿಸಿದೆ. ಗೋಡೆಗೆ ಒರಗಲಿಲ್ಲ, ಸೆರಗು ಮುಟ್ಟಲಿಲ್ಲ. ಯಯಾತಿಯ ಎದುರಿಗೆ ಎರಡು ಹೆಜ್ಜೆ ದೂರದಲ್ಲಿ ನಿಂತು, ಕಚೇರಿಯಲ್ಲಿ ಪತ್ರ ಓದಿ ಹೇಳುತ್ತೇನಲ್ಲ, ಅದೇ ದನಿಯಲ್ಲಿ ಹೇಳಿದೆ. ಮಂಡಿ ಗುಮಾಸ್ತರು ತಮ್ಮ ಮಾತನ್ನೇ ಮರೆತರು. ಈ ಸಲ ಪ್ರಾಂಪ್ಟ್ ಮಾಡಲು ಮೂಲೆಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಅವರು ನಕ್ಕುಬಿಟ್ಟರು.

“ಅಲ್ಲ ಮೇಷ್ಟ್ರೇ, ಲೆಕ್ಕ ಸರಿ ಇದೆಯಲ್ಲ ಇವಳದ್ದು! ಮಾಲು ತಗೊಂಡ ಮೇಲೆ ಬಾಕಿ ಕೊಡಬೇಕಲ್ವಾ?”

ಮೇಷ್ಟ್ರು ನಗಲಿಲ್ಲ. “ಇದು ದುರಂತ ನಾಟಕ. ನೀನು ಕಂದಾಯ ವಸೂಲಿಗೆ ಬಂದವಳ ಥರ ನಿಂತಿದೀಯ. ಆ ಸ್ತ್ರೀವಾದ ಗೀತಿವಾದ ಎಲ್ಲ ತಂದು ಹಚ್ಚಬೇಡ ಇದಕ್ಕೆ.”

ನಾನು ವಾದ ಗೀದ ಏನೂ ತಂದಿರಲಿಲ್ಲ. ಇದ್ದ ಮಾತನ್ನೇ ಹೇಳಿದ್ದೆ. ಆದರೆ ಆ ರಾತ್ರಿ ಯೋಚಿಸಿದಾಗ, ಹೌದು, ಇದಕ್ಕೆ ಆ ಹೆಸರಿದ್ದರೆ ಇರಲಿ ಅನಿಸಿತು. ಇಷ್ಟು ದಿನ ನಾವು ಚಿತ್ರಲೇಖೆಯನ್ನು ಯಯಾತಿಯ ಕಣ್ಣಿನಿಂದ ನೋಡಿದ್ದೆವು. ಅವನಿಗೆ ಅವಳ ಮಾತು ಅಸಹ್ಯ, ಹಾಗಾಗಿ ನಮಗೂ ಅಸಹ್ಯ ಅಥವಾ ಹುಚ್ಚು. ಅವಳ ಜಾಗದಲ್ಲಿ ನಿಂತು ನೋಡಿದರೆ ಅಸಹ್ಯ ಬೇರೆ ಕಡೆ ಕಾಣುತ್ತದೆ. ಮಗನ ಮೈಯ ಪ್ರಾಯ ಕಿತ್ತುಕೊಳ್ಳುವಾಗ ಅಪ್ಪನಿಗೆ ಸಂಬಂಧ ಅಡ್ಡ ಬರಲಿಲ್ಲ. ಸೊಸೆ ಬಾಕಿ ಕೇಳಿದಾಗ ತಾನು ಮಾವ ಅನ್ನುವುದು ನೆನಪಾಯಿತು.

ಕಾಲೇಜು ಹುಡುಗಿಯೇ ಇದಕ್ಕೆ ತಕರಾರು ತೆಗೆದಳು. ಅವಳ ತಕರಾರು ಮೇಷ್ಟ್ರದ್ದಕ್ಕಿಂತ ಗಟ್ಟಿಯಾಗಿತ್ತು.

“ಅಕ್ಕಾ, ಇವಳು ಎಂಥ ಸ್ತ್ರೀವಾದಿ? ನನಗೆ ಬದುಕು ಬೇಕು ಅನ್ನಲ್ಲ. ಗಂಡನ ಮನೆ ವಂಶ ಬೆಳೆಸಬೇಕು ಅಂತಾಳೆ. ತನ್ನನ್ನ ತಾನೇ ಹೊಲ ಅಂದ್ಕೊಂಡಿದಾಳೆ.”

ಎರಡು ದಿನ ಉತ್ತರ ಹೊಳೆಯಲಿಲ್ಲ. ಹುಡುಗಿ ಹೇಳಿದ್ದು ನಿಜವೇ. ಆಮೇಲೆ ನಮ್ಮ ಕಚೇರಿಗೆ ಬರುವ ಹೆಂಗಸರು ನೆನಪಾದರು. ಗಂಡ ಮಾರುತ್ತಿರುವ ಮನೆಗೆ ತಕರಾರು ತೆಗೆಯಲು ಬಂದವಳು, ನನಗೆ ಇರಲು ಜಾಗ ಇಲ್ಲ ಅಂತ ಹೇಳಿದರೆ ಯಾರೂ ತಲೆ ಎತ್ತುವುದಿಲ್ಲ. ‘ಮೈನರ್ ಮಕ್ಕಳ ಹಕ್ಕಿದೆ’ ಅಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಪತ್ರದಲ್ಲಿ ಯಾವ ಮಾತಿಗೆ ಬೆಲೆ ಇದೆಯೋ ಆ ಮಾತಿನಲ್ಲೇ ಕೇಳಬೇಕು. ಚಿತ್ರಲೇಖೆಗೂ ಅರಮನೆಯವರು ಕೊಟ್ಟ ಭಾಷೆ ಅದೊಂದೇ, ವಂಶದ್ದು. ಅವರ ಷರತ್ತಿನಲ್ಲೇ ಅವರನ್ನು ಹಿಡಿದಳು. ಹುಡುಗಿ ಪೂರ್ತಿ ಒಪ್ಪಲಿಲ್ಲ. ಅಸೈನ್‌ಮೆಂಟಿನಲ್ಲಿ ಎರಡೂ ಬರೀತೀನಿ ಅಂದಳು.

ಇಲ್ಲಿ ನನ್ನದೊಂದು ವಿಷಯ ಹೇಳಿಬಿಡಬೇಕು. ಅಪ್ಪ ಹೋದ ಮೇಲೆ, 2017ರಲ್ಲಿ, ಎರಡು ಎಕರೆ ಅಡಿಕೆ ತೋಟಕ್ಕೆ ನಾನು ಅಣ್ಣನ ಹೆಸರಿಗೆ ಹಕ್ಕು ಖುಲಾಸೆ ಮಾಡಿಕೊಟ್ಟೆ. ಕಾನೂನು ಗೊತ್ತಿರಲಿಲ್ಲ ಅಂತಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂದಿತ್ತು, ಇಡೀ ದೇಶಕ್ಕೆ 2005ರಲ್ಲಿ ಬಂತು. ನಮ್ಮ ಯಜಮಾನರು ತಮಾಷೆಗೆ ಹೇಳುತ್ತಿರುತ್ತಾರೆ. ಸರ್ಕಾರ ಹೆಣ್ಣುಮಕ್ಕಳಿಗೆ ಪಾಲು ಕೊಡ್ತು, ನಮಗೆ ಖುಲಾಸೆ ಪತ್ರದ ವ್ಯಾಪಾರ ಕೊಡ್ತು ಅಂತ. ಅಮ್ಮ ಹೇಳಿದ್ದು ಒಂದೇ ಮಾತು: “ತವರಿನ ಬಾಗಿಲು ತೆರೆದಿರಲಿ ಮಗಾ.” ಅಣ್ಣ ಒತ್ತಾಯ ಮಾಡಲಿಲ್ಲ. ಕೇಳಲೂ ಇಲ್ಲ. ದಿನಾಂಕ ಗೊತ್ತುಮಾಡಿ ಫೋನ್ ಮಾಡಿದ, ಅಷ್ಟೇ. ಪತ್ರವನ್ನು ನಾನೇ ಟೈಪ್ ಮಾಡಿದೆ, ಹೊರಗೆ ಯಾಕೆ ದುಡ್ಡು ಕೊಡುವುದು ಅಂತ. ‘ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಸಂತೋಷದಿಂದ’ ಅನ್ನುವ ಸಾಲು ನನ್ನ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ಹೆಸರು, ಚಕ್ಕುಬಂದಿ ಬದಲಾಯಿಸಿದರೆ ಆಯಿತು.

ಚಿತ್ರಲೇಖೆ ಗಂಡನ ತ್ಯಾಗದ ಬಗ್ಗೆ ಹೆಮ್ಮೆ ಪಡುವ ಭಾಗ ಬಂದಾಗಲೆಲ್ಲ ನನಗೆ ಆ ಸಾಲು ನೆನಪಾಗುತ್ತಿತ್ತು. ಅವಳೂ ಮೊದಲೇ ಬರೆದಿಟ್ಟ ಸಾಲನ್ನು ಹೇಳುತ್ತಿದ್ದಾಳೆ. ಸ್ವಸಂತೋಷದಿಂದ. ಹಾಗಾಗಿ ಆ ಭಾಗವನ್ನು ಸ್ವಲ್ಪ ಬೇಗ ಬೇಗ, ಬಾಯಿಪಾಠ ಒಪ್ಪಿಸುವವಳ ಹಾಗೆ ಹೇಳಿದೆ. ಮೇಷ್ಟ್ರು ಅದಕ್ಕೆ ಏನೂ ಅನ್ನಲಿಲ್ಲ. ಅವರಿಗೆ ಗೊತ್ತಾಗಲಿಲ್ಲ ಅಂತ ಕಾಣುತ್ತದೆ.

ಕಿರುಚುವುದು ಮಾತ್ರ ಬರುತ್ತಲೇ ಇರಲಿಲ್ಲ. ನಮ್ಮ ಪ್ರಯೋಗದಲ್ಲಿ ನಾನು ದೀಪ ಎತ್ತಿ ಪೂರುವಿನ ಮುಖದ ಹತ್ತಿರ ಹಿಡಿಯಬೇಕು, ನೋಡಬೇಕು, ಕಿರುಚಬೇಕು. ಪೂರು ಮಾಡುವ ಹುಡುಗನದ್ದು ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ, 24 ವರ್ಷ. ನನ್ನನ್ನು ಅಕ್ಕಾ ಅನ್ನುವವನು. ದೀಪ ಹಿಡಿದರೆ ಅವನಿಗೆ ನಗು, ನನಗೂ ನಗು. ಬಂದ ಕಿರುಚು ಇಲಿ ಕಂಡವಳ ಥರ ಇತ್ತು.

ನಾಟಕಕ್ಕೆ ಎಂಟು ದಿನ ಇದ್ದಾಗ ಮೇಕಪ್ಪಿನವರು ಒಂದು ಸಲ ನೋಡೋಣ ಅಂತ ಅವನಿಗೆ ಮುದುಕನ ಮುಖ ಮಾಡಿದರು. ಕಣ್ಣಿನ ಕೆಳಗೆ ಕಪ್ಪು, ಹುಬ್ಬಿಗೆ ಬಿಳಿ, ಗಲ್ಲಕ್ಕೆ ಸ್ಪಿರಿಟ್ ಗಮ್ ಹಚ್ಚಿ ಅಂಟಿಸಿದ ಗಡ್ಡ. ದೀಪ ಹತ್ತಿರ ಹಿಡಿದೆ. ಸ್ಪಿರಿಟ್ ಗಮ್ಮಿನ ವಾಸನೆ ಭಗ್ ಅಂತ ಮೂಗಿಗೆ ಬಡಿಯಿತು. ಅಪ್ಪನ ಕೋಣೆಯಲ್ಲಿ ಹಾಗೇ ಇರುತ್ತಿತ್ತು. ಸ್ಪಿರಿಟ್ಟು, ಫಿನಾಯಿಲು, ಅದರ ಕೆಳಗೆ ಇನ್ನೊಂದು ವಾಸನೆ. ಕೊನೆಯ ಐದು ತಿಂಗಳು ಅಪ್ಪನನ್ನು ನೋಡಿಕೊಂಡವಳು ನಾನು. ಮೈ ಒರೆಸಿ, ಬಟ್ಟೆ ಬದಲಾಯಿಸಿ ಹಿತ್ತಲಿಗೆ ಹೋಗಿ ಮೊಣಕೈವರೆಗೂ ಸೋಪು ಹಾಕಿ ತೊಳೆದುಕೊಳ್ಳುತ್ತಿದ್ದೆ. ಒಮ್ಮೆ ಅಲ್ಲ, ಮೂರು ಸಲ. ಎಷ್ಟು ಚೆನ್ನಾಗಿ ನೋಡಿಕೊಂಡಳು ಅಂತ ಊರವರೆಲ್ಲ ಹೊಗಳುತ್ತಿದ್ದರು. ಹೇಸಿಗೆಯಾಗುತ್ತಿತ್ತು ಅಂತ ನಾನು ಯಾರ ಹತ್ತಿರ ಹೇಳಲಿ? ಪ್ರೀತಿಯೂ ಇತ್ತು, ಹೇಸಿಗೆಯೂ ಇತ್ತು. ಹೊಗಳಿಕೆಗೆ ಮೊದಲನೆಯದಷ್ಟೇ ಸಾಕಿತ್ತು.

ಕಿರುಚಿದೆ. ದೀಪ ಕೈ ತಪ್ಪಿತು, ಎಣ್ಣೆ ಚೆಲ್ಲಿ ಶಾಲೆಯ ನೆಲವೆಲ್ಲ ಜಿಡ್ಡು. ಹುಡುಗ ನಿಜವಾಗಿಯೂ ಹೆದರಿ ಹಿಂದೆ ಸರಿದ. ನೆಲ ಒರೆಸುವಾಗ ಮೇಷ್ಟ್ರು ಹತ್ತಿರ ಬಂದು, “ಇದು ಇರಲಿ. ಆದ್ರೆ ಕಿರುಚಿದ ಮೇಲೆ ಸ್ವಲ್ಪ ಪಶ್ಚಾತ್ತಾಪ ತೋರಿಸು” ಅಂದರು. ತೋರಿಸಲ್ಲ ಅಂದೆ. ಗಂಡನ ಮೈ ಕಂಡರೆ ಹೆಂಡತಿಗೆ ಹೇಸಿಗೆ ಬರಬಾರದು ಅಂತ ಕಟ್ಟಳೆ ಮಾಡಿದವರು ಯಾರು? ಆ ಕಿರುಚು ಅವಳ ಸೋಲಲ್ಲ. ಆ ರಾತ್ರಿ ಅರಮನೆಯಲ್ಲಿ ಯಾರ ಬಾಯಿಂದಾದರೂ ಒಂದು ನಿಜ ಹೊರಬಿದ್ದಿದ್ದರೆ ಅದೊಂದೇ.

ಪರಿಕರದ ಟ್ರಂಕು ಇನ್ನೂ ನನ್ನ ಹತ್ತಿರವೇ ಇತ್ತು. ಅದರಲ್ಲಿ ವಿಷದ ಕುಪ್ಪಿ ಒಂದೇ. ಮೊದಲು ಅದು ಶರ್ಮಿಷ್ಠೆಯ ಕೈಗೆ ಹೋಗುತ್ತದೆ, ಕೊನೆಗೆ ನನ್ನ ಕೈಗೆ. ಶರ್ಮಿಷ್ಠೆ ಕುಡಿಯಲು ಹೋದಾಗ ಯಯಾತಿ ಧಾವಿಸಿ ಬಂದು ಅವಳ ಕೈ ಹಿಡಿಯುತ್ತಾನೆ. ಅವಳು ಅವನಿಗೆ ಬೇಕಾಗಿದ್ದಳು. ಚಿತ್ರಲೇಖೆಯ ಕೈ ಹಿಡಿಯಲು ಯಾರೂ ಬರುವುದಿಲ್ಲ. ಕುಪ್ಪಿ ಒಂದೇ ಆಗಿದ್ದಕ್ಕೆ ನನಗಿದು ಕಂಡಿತು, ಇಲ್ಲದಿದ್ದರೆ ಕಾಣುತ್ತಿರಲಿಲ್ಲ. ದೇವಯಾನಿಗೆ ಓಡಿಹೋಗಲು ಅಪ್ಪ ಇದ್ದಾನೆ, ಅದೂ ಶಾಪ ಕೊಡಬಲ್ಲ ಅಪ್ಪ. ಶರ್ಮಿಷ್ಠೆ ಕೊನೆಗೆ ಯಯಾತಿಯ ಜೊತೆ ಕಾಡಿಗೆ ಹೋಗುತ್ತಾಳೆ. ದಾಸಿ ಸ್ವರ್ಣಲತೆಗೂ ಒಂದು ಕಥೆ ಇದೆ. ಸಂಶಯದಲ್ಲಿ ಬೇಯುತ್ತಿದ್ದ ಗಂಡನಿಗೆ ನೆಮ್ಮದಿ ಸಿಗಲಿ ಅಂತ, ಮಾಡದ ತಪ್ಪನ್ನು ಒಪ್ಪಿಕೊಂಡು ಅವನನ್ನು ಕಳೆದುಕೊಂಡವಳು. ಎಲ್ಲರಿಗಿಂತ ಬೇಗ ಮುಗಿದುಹೋಗುವವಳು ಚಿತ್ರಲೇಖೆ.

ಅವಳು ಸತ್ತ ಮೇಲೆ ಯಯಾತಿಗೆ ಕಣ್ಣು ತೆರೆಯುತ್ತದೆ. ಮುಪ್ಪು ವಾಪಸು ತೆಗೆದುಕೊಳ್ಳುತ್ತಾನೆ. ನನ್ನ ಜಗಳ ಕಾರ್ನಾಡರ ಜೊತೆ ಇಲ್ಲಿಯೇ. ಒಬ್ಬ ಗಂಡಸು ಪಾಠ ಕಲಿಯಲು ಒಬ್ಬಳು ಹೆಂಗಸು ಸಾಯಬೇಕೇ? ಅವರದೇ ‘ಹಯವದನ’ ನಾಟಕದ ಪದ್ಮಿನಿಯೂ ಕೊನೆಗೆ ಚಿತೆಯನ್ನೇ ಏರುತ್ತಾಳೆ. “ಒಳ್ಳೊಳ್ಳೆ ಮಾತು ಕೊಡ್ತಾರೆ, ಆಮೇಲೆ ಸಾಯಿಸ್ತಾರೆ” ಅಂತ ಕಾಲೇಜು ಹುಡುಗಿ ತೀರ್ಪು ಕೊಟ್ಟಳು. ‘ನಾಗಮಂಡಲ’ದ ರಾಣಿ ಬದುಕಿದಳಲ್ಲ ಅಂದೆ. “ಅದು 1988 ಅಕ್ಕಾ. ಅಷ್ಟು ಹೊತ್ತಿಗೆ ಅವರಿಗೂ ವಯಸ್ಸಾಗಿತ್ತು.” ಆದರೂ ನ್ಯಾಯವಾಗಿ ಹೇಳಬೇಕೆಂದರೆ, ವ್ಯಾಸರ ಕಥೆಯಲ್ಲಿ ಬಾಯಿಯೇ ಇಲ್ಲದವಳಿಗೆ ಬಾಯಿ ಕೊಟ್ಟವನು ಆ 22ರ ಹುಡುಗ.

ಯಯಾತಿಗೆ ಒಬ್ಬಳು ಮಗಳೂ ಇದ್ದಳು, ಮಾಧವಿ. ಅವಳ ಕಥೆ ಉದ್ಯೋಗಪರ್ವದಲ್ಲಿದೆ. ಗಾಲವ ಬಂದು ಗುರುದಕ್ಷಿಣೆಗೆ ಒಂದು ಕಿವಿ ಕಪ್ಪಾದ 800 ಬಿಳಿ ಕುದುರೆ ಕೇಳಿದಾಗ ಯಯಾತಿಯ ಹತ್ತಿರ ಕುದುರೆ ಇರಲಿಲ್ಲ. ಮಗಳನ್ನು ಕೊಟ್ಟ. ಮೂವರು ರಾಜರು ತಲಾ 200 ಕುದುರೆ ಕೊಟ್ಟು ಅವಳಿಂದ ಒಬ್ಬೊಬ್ಬ ಮಗನನ್ನು ಪಡೆದರು. ಉಳಿದ 200ರ ಬದಲಿಗೆ ಗಾಲವನ ಗುರು ವಿಶ್ವಾಮಿತ್ರರೇ ಅವಳನ್ನು ಇಟ್ಟುಕೊಂಡರು. ಕೊನೆಗೆ ಸ್ವಯಂವರ ಮಾಡಿದರೆ ಅವಳು ಯಾರಿಗೂ ಮಾಲೆ ಹಾಕದೆ ಕಾಡಿಗೆ ನಡೆದಳು. ಇದು ನಾಟಕದಲ್ಲಿಲ್ಲ. ಆದರೆ ಮಂಡಿ ಗುಮಾಸ್ತರು ಕಿರೀಟ ಇಟ್ಟುಕೊಂಡು ನನ್ನೆದುರು ಧರ್ಮ ಹೇಳುವಾಗ ನನ್ನ ತಲೆಯಲ್ಲಿ ಆ ಕುದುರೆಗಳು ಓಡುತ್ತಿದ್ದವು. ಮಕ್ಕಳನ್ನು ವಸ್ತುವಿನ ಹಾಗೆ ಎತ್ತಿಕೊಡುವುದು ಇವನಿಗೆ ಹೊಸದಲ್ಲ ಅಂತ.

ನಾನು ಮೇಷ್ಟ್ರ ಹತ್ತಿರ ಒಂದೇ ಒಂದು ಬದಲಾವಣೆ ಕೇಳಿದೆ. ಅವರ ಯೋಜನೆಯಲ್ಲಿ ಚಿತ್ರಲೇಖೆ ಸತ್ತ ಕೂಡಲೇ ಇಬ್ಬರು ಬಂದು ಹೆಣ ಒಳಗೆ ಸಾಗಿಸಬೇಕು. ಆಮೇಲೆ ಖಾಲಿ ರಂಗ, ಯಯಾತಿಯ ಮೇಲೆ ಒಂದು ಬೆಳಕು, ಅವನ ಕೊನೆಯ ಮಾತು. ಹೆಣ ತೆಗೆಯಬೇಡಿ, ಅಲ್ಲೇ ಇರಲಿ ಅಂದೆ. ಪ್ರೇಕ್ಷಕರ ಗಮನ ಹೋಗುತ್ತೆ ಅಂದರು. ಹೋಗಲಿ ಅಂದೆ. ಒಪ್ಪಲಿಲ್ಲ. ಕೊನೆಗೆ ಹೆಣ ಹೊರಬೇಕಿದ್ದ ಹುಡುಗರಲ್ಲಿ ಒಬ್ಬನಿಗೆ ಜ್ವರ ಬಂತು. ಇನ್ನೊಬ್ಬ ಒಬ್ಬನೇ ನನ್ನನ್ನು ಎತ್ತುವ ಪೈಕಿ ಅಲ್ಲ. ಸ್ತ್ರೀವಾದಕ್ಕೆ ಆಗದ ಕೆಲಸ ನನ್ನ 68 ಕೆಜಿ ಮಾಡಿತು.

ನಾಟಕದ ದಿನ ಹಾಲು ಮುಕ್ಕಾಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಊರ ಹಿರಿಯರು, ಹಿಂದೆ ನಮ್ಮ ನೆಂಟರು. ಅಣ್ಣನೂ ಅತ್ತಿಗೆ ಮಕ್ಕಳ ಜೊತೆ ಬಂದಿದ್ದ. ಕಿರುಚು ಸರಿಯಾಗಿ ಬಂತು. ಯಯಾತಿಯ ಎದುರು ನಿಂತು ಬಾಕಿ ಕೇಳುವ ಮಾತು ಶುರು ಮಾಡಿದೆ. ಮುಂದಿನ ಸಾಲಿನಲ್ಲಿ ಯಾರೋ ‘ಛೆ ಛೆ’ ಅಂದರು. ಒಂದು ಕುರ್ಚಿ ಎಳೆದ ಸದ್ದು. ಹಿಂದಿನಿಂದ ಒಂದು ಹೆಂಗಸಿನ ದನಿ, ಪಕ್ಕದವರಿಗೆ ಹೇಳಿದ್ದು ಜೋರಾಗಿ ಬಂತು: “ಸರಿಯಾಗೇ ಕೇಳ್ತಿದಾಳಲ್ಲ!” ಯಾರು ಅಂತ ಈಗಲೂ ಗೊತ್ತಿಲ್ಲ. ಮಂಡಿ ಗುಮಾಸ್ತರು ಒಂದು ಹೆಜ್ಜೆ ಹಿಂದೆ ಸರಿದರು. ಅದು ರಿಹರ್ಸಲ್‌ನಲ್ಲಿ ಇರಲಿಲ್ಲ.

ಕುಪ್ಪಿಯಲ್ಲಿ ಇದ್ದದ್ದು ಬೆಲ್ಲದ ನೀರು. ಕುಡಿದು ಬಿದ್ದೆ. ಆಮೇಲೆ ಸುಮಾರು ಒಂಬತ್ತು ನಿಮಿಷ ಅಲ್ಲೇ ಇದ್ದೆ. ಎಡಗೆನ್ನೆ ಹಲಗೆಗೆ ಒತ್ತಿಕೊಂಡಿತ್ತು. ಹಲಗೆಯ ಸಂದಿಯಲ್ಲಿ ಹಳೆಯ ನಾಟಕದ ಕುಂಕುಮ. ಲೈಟಿನ ಬಿಸಿ ಬೆನ್ನ ಮೇಲೆ, ಬೆಲ್ಲದ ವಾಸನೆಗೆ ಒಂದು ಇರುವೆ ತುಟಿಯ ಹತ್ತಿರ. ತಲೆಯ ಮೇಲೆ ಯಯಾತಿ ತನಗೆ ಅರಿವಾದದ್ದನ್ನು ಹೇಳುತ್ತಿದ್ದರು. ಪೂರುವಿಗೆ ಪ್ರಾಯ ವಾಪಸು ಬಂತು. ಎಲ್ಲ ಮುಗಿದ ಮೇಲೆ ಪೂರು ದೇವರನ್ನು ಕೇಳುತ್ತಾನೆ, ಇದರ ಅರ್ಥ ಏನು ಅಂತ. ಮೊಬೈಲ್ ಅಂಗಡಿಯ ಹುಡುಗ ಚೆನ್ನಾಗಿಯೇ ಕೇಳಿದ. ಅವನ ಕಾಲು ನನ್ನ ಮುಖದಿಂದ ಒಂದು ಮಾರು ದೂರದಲ್ಲಿತ್ತು. ದೇವರನ್ನು ಯಾಕೆ ಕೇಳ್ತೀಯ ತಮ್ಮಾ, ಇಲ್ಲಿ ಕೆಳಗೆ ನೋಡು ಅಂತ ಹೇಳಬೇಕು ಅನಿಸಿತು. ಹೆಣ ಮಾತಾಡುವ ಹಾಗಿಲ್ಲ. ಇರುವೆಯನ್ನು ಊದಿದೆ, ಯಾರಿಗೂ ಕಾಣದ ಹಾಗೆ.

ಪರದೆ ಬಿದ್ದ ಮೇಲೆ ಮೇಷ್ಟ್ರು ಬಂದು, “ಹೆಣ ಇದ್ದದ್ದು ಪರವಾಗಿಲ್ಲ” ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಅಣ್ಣ ಮೇಕಪ್ ಕೋಣೆಯ ಬಾಗಿಲಲ್ಲಿ ನಿಂತಿದ್ದ, ಕೈಲಿ ಒಂದು ಬಟ್ಟೆ ಚೀಲ.

“ಚೆನ್ನಾಗಿ ಮಾಡ್ದೆ. ಆ ಒಂದು ಮಾತು ಬೇಕಿತ್ತಾ? ಮಾವನ ಹತ್ರ ಹಾಗೆ...”

“ನಾನು ಬರೆದದ್ದಲ್ಲ ಅಣ್ಣ.”

“ಹೌದು, ಅದೂ ಹೌದು.” ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಚೀಲ ಮುಂದೆ ಹಿಡಿದ. “ತೋಟದ್ದು. ಈ ಸಲ ಗೊನೆ ಚೆನ್ನಾಗಿ ಬಂದಿದೆ. ನಿನಗೆ ಅಂತ ತಂದೆ.”

ಅಪ್ಪ ನೆಟ್ಟ ಬಾಳೆಯ ಸಾಲು, ಅಡಿಕೆ ಮರಗಳ ನಡುವೆ. ಚಕ್ಕುಬಂದಿ ನನಗೆ ಇವತ್ತಿಗೂ ಬಾಯಿಪಾಠ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸರ್ಕಾರಿ ದಾರಿ. ಚೀಲ ತಗೊಂಡೆ. ಎರಡು ಚಿಪ್ಪು ಇದ್ದವು, ಆಗಷ್ಟೇ ಹಣ್ಣಾಗಿದ್ದು. ಎಲ್ಲರಿಗೂ ಹಸಿವಾಗಿತ್ತು. ಮೇಕಪ್ ಅಳಿಸುವ ಮೊದಲೇ ಹಂಚಿದೆ, ಒಬ್ಬೊಬ್ಬರಿಗೆ ಒಂದೊಂದು.

ಯಯಾತಿ ಎರಡು ತಗೊಂಡರು.